ಗುರು ಗುಮ್ಮನಲ್ಲ

ತೋವಿನಕೆರೆಯ ಮನೆಯೊಂದರಲ್ಲಿ ಪ್ರಸಾದಕ್ಕೆ ಕುಳಿತಿದ್ದೆವು. ಹಟ ಹಿಡಿದ ಅಂಗನವಾಡಿಯ ಮಗುವಿಗೆ ಅಜ್ಜಿ, “ಜೂನ್ ಬರಲಿ, ಮೇಷ್ಟ್ರು ಬುದ್ಧಿ ಕಲಿಸ್ತಾರೆ” ಎಂದರು. ಮಗು ಥಟ್ಟನೆ ಮೌನವಾಯಿತು.

ಆ ಮೌನವನ್ನು ನಾವು ಬಲ್ಲೆವು. ಬಾಲ್ಯದಲ್ಲಿ ಅದೇ ಬೆದರಿಕೆ ಕೇಳಿ ಶಾಲೆಗೆ ಹೋದ ನಾವು, ಮೊದಲ ದಿನ ಹೊರಗೆ ಹೋಗಲು ಅಪ್ಪಣೆ ಕೇಳಲಂಜಿ, ಒದ್ದೆ ಚಡ್ಡಿಯಲ್ಲಿ ಮನೆಗೆ ಮರಳಿದ್ದೆವು.

2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದೆ. ಮನೆಯ ಮಾತು ಮಾತ್ರ ಬದಲಾಗಿಲ್ಲ.

ಅಕ್ಷರವನ್ನು ಒಂದನೆಯ ತರಗತಿಯ ಗುರುಗಳು ಕಲಿಸುವರು. ತಾಯ್ತಂದೆಯರು ಬೇಸಿಗೆ ರಜೆಗೆ ಮುನ್ನವೇ ಒಂದು ದಿನ ಮಗುವಿಗೆ ಶಾಲೆಯ ಅಂಗಳ, ನಲ್ಲಿ, ಶೌಚಾಲಯಗಳನ್ನು ತೋರಿಸಲಿ. ತಾನೇ ಗುಂಡಿ ಹಾಕಿಕೊಳ್ಳುವುದನ್ನೂ, ಬೇಕಾದುದನ್ನು ಬಾಯಿಬಿಟ್ಟು ಕೇಳುವುದನ್ನೂ ರೂಢಿಸಲಿ. ಕೇಳಲು ಅಂಜದ ಮಗು ಕಲಿಯಲೂ ಅಂಜದು.