ಮೀನುತೊಟ್ಟಿಯ ತಳದ ಮರಳು: ಬದಲಾವಣೆಯಲ್ಲಿ ಇರಬೇಕಾದ ವಿವೇಕ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸವು ಈಗ ಸಿರಿವಂತರ ಮನೆಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಸಾಮಾನ್ಯರ ಮನೆಗಳಲ್ಲಿಯೂ ಶಾಲೆಗಳ ವಿಜ್ಞಾನ ಕೊಠಡಿಗಳಲ್ಲಿಯೂ ಅದು ಸ್ಥಾನ ಪಡೆದಿದೆ. ಜೀವಿಗಳ ಪರಸ್ಪರಾವಲಂಬನೆಯನ್ನು ಮಕ್ಕಳ ಕಣ್ಣೆದುರಿಗೆ ತೆರೆದಿಡಲು ಇಷ್ಟು ಸುಲಭವಾದ ಸಾಧನ ಬೇರೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಆದರೆ ವರ್ಷಗಟ್ಟಲೆ ನೆಮ್ಮದಿಯಿಂದಿದ್ದ ಮೀನುಗಳು ಒಂದೆರಡು ವಾರಗಳೊಳಗಾಗಿ ಒಂದರ ಹಿಂದೊಂದು ಸಾಯುವ ಪ್ರಸಂಗಗಳೂ ಉಂಟು. ಪರೀಕ್ಷಿಸಿದರೆ ರೋಗದ ಲಕ್ಷಣ ಕಾಣದು. ನೀರೂ ತಿಳಿಯಾಗಿಯೇ ಇರುತ್ತದೆ. ವಿಚಾರಿಸಿದಾಗ, ಕೆಲವು ದಿನಗಳ ಹಿಂದೆ ತಳದ ಹಳೆಯ ಮರಳನ್ನೆಲ್ಲ ತೆಗೆದು, ತೊಟ್ಟಿಯನ್ನು ಉಜ್ಜಿ ತೊಳೆದು, ಹೊಸ ಮರಳು ಹಾಸಿದ ಸಂಗತಿ ಎಷ್ಟೋ ಸಲ ಹೊರಬರುತ್ತದೆ. ಸ್ವಚ್ಛತೆಯ ಹೆಸರಿನಲ್ಲಿ ಸಂಭವಿಸುವ ಇಂಥ ಸಾವು ತಪ್ಪಿಸಬಹುದಾದ ಸಾವು.

ಇದರ ಕಾರಣ ಕಣ್ಣಿಗೆ ಕಾಣುವಂಥದಲ್ಲ. ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯವನ್ನು ನೀರಿಗೆ ಬಿಡುತ್ತಿರುತ್ತದೆ. ತಿಂದುಳಿದ ಆಹಾರ ಹಾಗೂ ಕೊಳೆತ ಎಲೆಗಳಿಂದಲೂ ಅದೇ ವಿಷ ಹುಟ್ಟುತ್ತದೆ. ಒಂದು ವರ್ಗದ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಮೀನಿನ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಗ್ಗಿಸುವ ನೈಟ್ರೈಟ್ ಕೂಡ ವಿಷವೇ. ಇನ್ನೊಂದು ವರ್ಗದವು ಅದನ್ನು ಅಷ್ಟೊಂದು ಅಪಾಯಕರವಲ್ಲದ ನೈಟ್ರೇಟ್ ಆಗಿಸುತ್ತವೆ. ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ೧೮೯೦ರ ಸುಮಾರಿನಲ್ಲಿ ಈ ಕ್ರಿಯೆಯನ್ನು ನಡೆಸುವ ಜೀವಿಗಳನ್ನು ಪ್ರತ್ಯೇಕಿಸಿ ತೋರಿಸಿದನು. ಎರಡೂ ಹಂತಗಳನ್ನು ಒಂದೇ ಜೀವಿ ಪೂರೈಸಬಲ್ಲದೆಂಬುದು ೨೦೧೫ರಲ್ಲಿ ಬೆಳಕಿಗೆ ಬಂದಿತು. ಅಂಥ ಜೀವಿಗಳು ದೊರೆತ ಎಡೆಗಳಲ್ಲಿ ಮೀನು ಸಾಕಣೆಯ ನೀರನ್ನು ಶೋಧಿಸುವ ವ್ಯವಸ್ಥೆಯೂ ಒಂದಾಗಿತ್ತೆಂಬುದು ಗಮನಾರ್ಹ.

ಈ ಜೀವಿಗಳು ಬಹುಪಾಲು ನೀರಿನಲ್ಲಿ ತೇಲುತ್ತಿರುವುದಿಲ್ಲ. ಮರಳಿನ ಕಣ, ಕಲ್ಲು, ಶೋಧಕದ ಸ್ಪಂಜು ಇವುಗಳಿಗೆ ತೆಳುವಾದ ಲೋಳೆಯಾಗಿ ಅಂಟಿಕೊಂಡಿರುತ್ತವೆ. ಆದ್ದರಿಂದ ನೀರು ಬದಲಿಸಿದರೆ ಅವುಗಳಿಗೆ ಹೆಚ್ಚು ಹಾನಿಯಿಲ್ಲ. ಮರಳನ್ನೆಲ್ಲ ಒಮ್ಮೆಗೇ ತೆಗೆದರೆ ಅವುಗಳ ನೆಲೆಯೇ ತಪ್ಪುತ್ತದೆ. ಪ್ರತ್ಯೇಕ ಶೋಧಕವಿರುವ ತೊಟ್ಟಿಯಲ್ಲಿ ನಷ್ಟ ಅಷ್ಟಿಷ್ಟಾದರೆ, ಮರಳಿನ ಅಡಿಯಲ್ಲಿ ರಂಧ್ರಗಳ ತಟ್ಟೆಯಿಟ್ಟು ನೀರು ಹಾಯಿಸುವ ಹಳೆಯ ಬಗೆಯ ತೊಟ್ಟಿಯಲ್ಲಿ ಮರಳೇ ಶೋಧಕ. ಅಲ್ಲಿ ಅದನ್ನು ಕಿತ್ತೆಸೆಯುವುದೆಂದರೆ ತೊಟ್ಟಿಯನ್ನು ಮತ್ತೆ ಮೊದಲಿನಿಂದ ಆರಂಭಿಸಿದಂತೆಯೇ ಸರಿ. ಹೊಸ ಸೂಕ್ಷ್ಮಜೀವಿಗಳು ಬೇಕಾದಷ್ಟು ಬೆಳೆಯಲು ಸಾಮಾನ್ಯವಾಗಿ ೪ರಿಂದ ೬ ವಾರಗಳು ಬೇಕು. ಮೀನುಗಳಾದರೋ ಆ ಅವಧಿಯಲ್ಲಿ ಉಸಿರಾಡುವುದನ್ನು ನಿಲ್ಲಿಸಲಾರವು.

ಹಾಗಾದರೆ ಹಳೆಯ ಮರಳನ್ನು ಮುಟ್ಟಲೇಬಾರದೆಂಬ ವಾದವೂ ಸಾಧುವಲ್ಲ. ಚೂಪಾದ ಜಲ್ಲಿಯು ತಳವನ್ನು ಕೆದಕಿ ತಿನ್ನುವ ಮೀನುಗಳ ಮೀಸೆಗಳನ್ನು ಗಾಯಗೊಳಿಸುತ್ತದೆ. ಅಮೃತಶಿಲೆಯ ಅಥವಾ ಚಿಪ್ಪಿನ ಚೂರುಗಳಿದ್ದರೆ ಸುಣ್ಣದ ಅಂಶ ಕರಗಿ ನೀರು ಗಡುಸಾಗುತ್ತದೆ. ಅಂಥ ಚೂರಿನ ಮೇಲೆ ವಿನಿಗರ್ ಹನಿಸಿದಾಗ ನೊರೆಯೇಳುವುದೇ ಅದರ ಗುರುತು. ದಪ್ಪನಾಗಿ ಹಾಸಿದ ನುಣುಪು ಮರಳು ಗಾಳಿಯಿಲ್ಲದೆ ಕಪ್ಪಿಟ್ಟು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡನ್ನು ಒಳಗಿಟ್ಟುಕೊಂಡಿರುವುದೂ ಉಂಟು. ಇಂಥಲ್ಲಿ ಬದಲಾವಣೆ ಅಗತ್ಯವೇ. ವಿವಾದವಿರುವುದು ಬದಲಿಸಬೇಕೆ ಎಂಬುದರಲ್ಲಿ ಅಲ್ಲ, ಎಷ್ಟು ಬೇಗ ಎಂಬುದರಲ್ಲಿ.

ಮರಳನ್ನು ಮೂರು ಪಾಲಾಗಿ ಮಾಡಿಕೊಂಡು, ಒಂದು ಪಾಲು ಬದಲಿಸಿದ ಮೇಲೆ ಎರಡು ವಾರ ಬಿಟ್ಟು ಮುಂದಿನ ಪಾಲಿಗೆ ಕೈಹಾಕುವುದು ಉಚಿತವಾದ ಕ್ರಮ. ಕೆಲಸ ನಡೆಯುವಾಗ ಮೀನುಗಳನ್ನು ಅದೇ ತೊಟ್ಟಿಯ ನೀರು ತುಂಬಿದ ಪಾತ್ರೆಯಲ್ಲಿರಿಸಿ ಗಾಳಿಯಾಡಿಸಬೇಕು. ಹಳೆಯ ಮರಳನ್ನು ಕೈಯಿಂದ ಕಲಕದೆ ಅಗಲವಾದ ಕೊಳವೆಯಿಂದ ಕೆಸರುಸಹಿತ ಹೀರಿ ತೆಗೆಯಬೇಕು. ಹೊಸ ಮರಳನ್ನು ಸೋಪು ಬಳಸದೆ, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಅದೇ ದಿನ ಶೋಧಕವನ್ನೂ ತೊಳೆಯುವುದು ಸಲ್ಲದು. ಅದನ್ನು ತೊಟ್ಟಿಯ ನೀರಿನಲ್ಲಿಯೇ ಒದ್ದೆಯಾಗಿಡಬೇಕು. ಕ್ಲೋರಿನ್ ಬೆರೆತ ನಲ್ಲಿಯ ನೀರು ಅದರಲ್ಲಿರುವ ಜೀವಿಗಳನ್ನು ಕೊಲ್ಲುತ್ತದೆ. ಹಳೆಯ ಮರಳು ಕೊಳೆತಿರದಿದ್ದರೆ, ಅದರಲ್ಲಿ ಒಂದಿಷ್ಟನ್ನು ತೆಳು ನೈಲಾನ್ ಚೀಲದಲ್ಲಿ ಕಟ್ಟಿ ಕೆಲವು ವಾರ ತೊಟ್ಟಿಯೊಳಗೇ ಬಿಟ್ಟರೆ ಹೊಸ ಮರಳಿಗೆ ಅದೇ ಹೆಪ್ಪಾಗುತ್ತದೆ. ಆ ದಿನಗಳಲ್ಲಿ ಆಹಾರವನ್ನು ಕಡಿಮೆ ಮಾಡಿ, ಅಮೋನಿಯ ಮತ್ತು ನೈಟ್ರೈಟ್‌ಗಳನ್ನು ದಿನವೂ ಅಳೆಯಬೇಕು. ಅವು ಕಂಡುಬಂದೊಡನೆ ಕಾಲು ಭಾಗದಷ್ಟು ನೀರನ್ನು ಕ್ಲೋರಿನ್ ಕಳೆದ ನೀರಿನಿಂದ ಬದಲಿಸಬೇಕು.

ಈ ಕ್ರಮಕ್ಕೆ ಹಣ ಹೆಚ್ಚು ಬೇಕಾಗಿಲ್ಲ; ಬೇಕಾದುದು ಒಂದೂವರೆ ತಿಂಗಳ ತಾಳ್ಮೆ. ಆ ಅವಧಿಯಲ್ಲಿ ಹಳತು ಹೊಸತು ಬೆರೆತ ತಳವು ನೋಟಕ್ಕೆ ಅಂದವಾಗಿರುವುದಿಲ್ಲ ನಿಜ. ಆದರೆ ಅತಿಥಿಗಳು ಬರುವ ಹಿಂದಿನ ದಿನ, ಶಾಲೆಯಲ್ಲಾದರೆ ಸಮಾರಂಭದ ಹಿಂದಿನ ದಿನ, ತೊಟ್ಟಿಯನ್ನು ಥಳಥಳಿಸುವಂತೆ ಮಾಡುವ ಉತ್ಸಾಹಕ್ಕಿಂತ ಆ ಅಂದಗೇಡು ಎಷ್ಟೋ ಮೇಲು. ಶಾಲೆಗೆ ತೊಟ್ಟಿಯನ್ನು ಕಾಣಿಕೆಯಾಗಿ ಕೊಡುವ ಮಹನೀಯರು ಅದರೊಡನೆ ಅಮೋನಿಯ ಅಳೆಯುವ ದ್ರಾವಣದ ಸೀಸೆಯೊಂದನ್ನೂ ಕೊಡುವುದು ಒಳಿತು. ಉಪಾಧ್ಯಾಯರು ಆ ಅಳತೆಗಳನ್ನು ಮಕ್ಕಳ ಕೈಯಿಂದಲೇ ದಿನವೂ ಬರೆಸಲಿ. ಕಣ್ಣಿಗೆ ಕಾಣದ ಜೀವಿಗಳ ಮೇಲೆ ಕಾಣುವ ಜೀವಿಗಳ ಬಾಳು ನಿಂತಿದೆಯೆಂಬುದನ್ನು ಆ ಮಕ್ಕಳು ಪುಸ್ತಕದಿಂದಲ್ಲ, ತಾವೇ ಬರೆದ ಅಂಕಿಗಳಿಂದ ಅರಿಯುವರು. ಒಂದು ಮೀನೂ ಸಾಯದೆ ಆ ಪಾಠ ಮುಗಿಯುವುದು.