ಕೇಸು ವಾಪಸ್: ಯಾರ ಕೇಸು, ಯಾರ ವಾಪಸ್?

ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತಲಾಗಲಿ, ದೇವದುರ್ಗ, ಮಾನ್ವಿಗಳಲ್ಲಾಗಲಿ, ಗಲಭೆಯ ಕೇಸಿನಲ್ಲಿ ಹೆಸರು ಸೇರಿಕೊಂಡ ಹುಡುಗನ ತಂದೆ ಮೊದಲು ಹುಡುಕುವುದು ವಕೀಲರನ್ನಲ್ಲ, ಲೀಡರನ್ನು. ನಮ್ಮ ಸರಕಾರ ಬರಲಿ, ಕೇಸು ವಾಪಸ್ ತೆಗೆಸೋಣ ಎಂಬ ಮಾತು ನಂಬಿ ಮನೆಗೆ ಮರಳುತ್ತಾನೆ.

ಕಾನೂನು ಹೇಳುವುದೇ ಬೇರೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಮು. ಎರಡರಲ್ಲೂ ಮೊಕದ್ದಮೆ ಹಿಂತೆಗೆಯುವ ಅಧಿಕಾರ ಇರುವುದು ಸರಕಾರಿ ಅಭಿಯೋಜಕರಿಗೆ, ಅದೂ ನ್ಯಾಯಾಲಯದ ಒಪ್ಪಿಗೆಯ ಮೇಲೆ. ತಾಲ್ಲೂಕು ಕೋರ್ಟಿನಲ್ಲಿ ನಾವು ಪಿಪಿ ಸಾಹೇಬರೆಂದು ಕರೆಯುವ ಸಹಾಯಕ ಅಭಿಯೋಜಕರಿಗೂ ಅದು ಉಂಟು. ಆರೋಪ ಹೊರಿಸುವ ಮೊದಲಾದರೆ ಆರೋಪಿಯ ಬಿಡುಗಡೆ. ಹೊರಿಸಿದ ಮೇಲಾದರೆ ಖುಲಾಸೆ. ಖುಲಾಸೆಯೆಂದರೆ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಯಿಲ್ಲ. ಏಟು ತಿಂದವನ ಪಾಲಿನ ಬಾಗಿಲು ಅಲ್ಲಿಗೆ ಮುಚ್ಚಿತು.

ನಡೆಯುವುದು ಮಾತ್ರ ಹೀಗೆ: ಸಂಪುಟ ತೀರ್ಮಾನಿಸುತ್ತದೆ, ಅಭಿಯೋಜಕ ಅರ್ಜಿ ಹಾಕುತ್ತಾನೆ. 2020ರ ಆಗಸ್ಟಿನಲ್ಲಿ ಬಿಜೆಪಿ ಸರಕಾರ ಶಾಸಕ, ಸಂಸದರದ್ದೂ ಸೇರಿದಂತೆ 61 ಪ್ರಕರಣ ಕೈಬಿಡಲು ಹೊರಟಿತು; ಡಿಸೆಂಬರಿನಲ್ಲಿ ಹೈಕೋರ್ಟು ತಡೆಯಿತು. 2024ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಸರಕಾರ ಹಳೇ ಹುಬ್ಬಳ್ಳಿ ಗಲಭೆಯದ್ದೂ ಸೇರಿಸಿ 43 ಪ್ರಕರಣಗಳಿಗೆ ಅದೇ ದಾರಿ ಹಿಡಿಯಿತು. 2025ರ ಮೇ 29ರಂದು ಹೈಕೋರ್ಟು ಆ ಆದೇಶವನ್ನೇ ರದ್ದುಮಾಡಿತು. ಮೊದಲನೆಯದನ್ನು ಖಂಡಿಸಿ ಎರಡನೆಯದಕ್ಕೆ ಚಪ್ಪಾಳೆ ತಟ್ಟುವವರಿಗೆ ಬೇಕಾದದ್ದು ನ್ಯಾಯವಲ್ಲ, ತಮ್ಮ ಸರದಿ.

ಇಂಥವರು ಅಬ್ದುಲ್ ಕರೀಮರನ್ನು ನೆನೆಯಬೇಕು. 1992ರಲ್ಲಿ ವೀರಪ್ಪನ್ ಪಡೆಯ ಗುಂಡಿಗೆ ಬಲಿಯಾದ ಎಸ್.ಐ. ಶಕೀಲ್ ಅಹಮದರ ತಂದೆ ಅವರು. 2000ದಲ್ಲಿ ಡಾ. ರಾಜ್‌ಕುಮಾರ್ ಅಪಹರಣವಾದಾಗ ಸರಕಾರ ಮೈಸೂರಿನ ಟಾಡಾ ಆರೋಪಗಳನ್ನು ಹಿಂತೆಗೆಯಲು ಹೊರಟಿತು. ಇಡೀ ನಾಡು ಅಣ್ಣಾವ್ರು ಹೇಗಾದರೂ ಬರಲಿ ಎನ್ನುತ್ತಿದ್ದಾಗ ಈ ವೃದ್ಧ ಸುಪ್ರೀಂ ಕೋರ್ಟಿಗೆ ಹೋದರು. ಅಭಿಯೋಜಕರು ಸ್ವಂತ ವಿವೇಚನೆ ಬಳಸಲಿಲ್ಲವೆಂದು ಹೇಳಿ ನವೆಂಬರ್ 7ರಂದು ಕೋರ್ಟು ಆ ಹಿಂತೆಗೆತವನ್ನು ತಳ್ಳಿಹಾಕಿತು. ಎಂಟು ದಿನಗಳಲ್ಲಿ ರಾಜ್‌ಕುಮಾರ್ ಬಿಡುಗಡೆಯೂ ಆಯಿತು, ಆ ಮಾತು ಬೇರೆ.

ಕತೆ ಅಷ್ಟಕ್ಕೇ ನಿಲ್ಲುವುದಿಲ್ಲ. 2001ರಲ್ಲಿ ವಿಚಾರಣೆ ಮುಗಿದಾಗ ಆ ಟಾಡಾ ಆರೋಪಿಗಳಲ್ಲಿ ಬಹುಪಾಲು ಜನ ನಿರ್ದೋಷಿಗಳೆಂದೇ ಹೊರಬಂದರು, ಕೆಲವರಿಗೆ ಶಿಕ್ಷೆಯಾಯಿತು. ವಿಚಾರಣೆ ಇಲ್ಲದೆ ಇವರನ್ನು ಅವರಿಂದ ಬೇರ್ಪಡಿಸುವುದು ಹೇಗೆ? ನಿರ್ದೋಷಿಗಳು ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತದ್ದು ಘೋರ ಅನ್ಯಾಯ. ಅದಕ್ಕೆ ಮದ್ದು ಬೇಗ ಜಾಮೀನು, ಬೇಗ ವಿಚಾರಣೆ. ಸುಳ್ಳು ಕೇಸಿನಲ್ಲಿ ಸಿಕ್ಕ ನಮ್ಮ ಹುಡುಗರಿಗೂ ಬೇಕಾದದ್ದು ಇದೇ. ಸರಕಾರ ದಯೆತೋರಿ ಬಿಟ್ಟವನನ್ನು ಊರು ಕಳ್ಳನೆಂದೇ ನೋಡುತ್ತದೆ. ಇನ್ನೊಂದು ಚುನಾವಣೆಗೆ ಅವನ ಹೆಸರೇ ಭಾಷಣವಾಗುತ್ತದೆ.

ಹೊಸ ಸಂಹಿತೆಯ ಬಗ್ಗೆ ನಮಗೆ ತಕರಾರುಗಳು ಬೇಕಾದಷ್ಟಿವೆ. ಆದರೆ 360ನೇ ಕಲಮು ಒಂದು ಒಳ್ಳೆಯ ಮಾತು ಸೇರಿಸಿದೆ: ನೊಂದವರ ಅಹವಾಲು ಕೇಳದೆ ನ್ಯಾಯಾಲಯ ಹಿಂತೆಗೆತಕ್ಕೆ ಒಪ್ಪುವಂತಿಲ್ಲ. ಕರೀಮರು ದಿಲ್ಲಿಯವರೆಗೆ ಹೋಗಿ ಪಡೆದದ್ದನ್ನು ಮಾನ್ವಿಯ ದಲಿತ ಕುಟುಂಬವೂ ದೇವದುರ್ಗದ ವಿಧವೆಯೂ ತಮ್ಮ ತಾಲ್ಲೂಕಿನ ಕೋರ್ಟಿನಲ್ಲೇ ಕೇಳಬಹುದು. ಅದನ್ನು ಅವರ ಮನೆಗೆ ಹೋಗಿ ತಿಳಿಸುವ ಲೀಡರು ಯಾರಿದ್ದಾರೆ?