ಪಾಣಿ ಎಂದರೆ ನೀರೂ ಹೌದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಅಭ್ಯಾಸ ಬೋಧನೆಯ ಮೇಲ್ವಿಚಾರಣೆಗೆಂದು ಹೋದಾಗ ನಾನು ಹೆಚ್ಚು ಸಲ ನೋಡಿದ ವ್ಯಾಕರಣ ಪಾಠವೆಂದರೆ ತತ್ಸಮ–ತದ್ಭವ. ಎಲ್ಲ ಕಡೆಯೂ ಅದು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತದೆ. ಕಪ್ಪುಹಲಗೆಯ ನಡುವೆ ಒಂದು ಗೆರೆ. ಎಡಕ್ಕೆ ಯಾತ್ರೆ, ಯೋಗಿ, ಶಶಿ, ಬ್ರಹ್ಮ. ಬಲಕ್ಕೆ ಜಾತ್ರೆ, ಜೋಗಿ, ಸಸಿ, ಬೊಮ್ಮ. ಓದಿಸುವುದು, ಬರೆಸುವುದು, ಬಲಭಾಗ ಅಳಿಸಿ ಕೇಳುವುದು. ಮಕ್ಕಳು ಸರಿಯಾಗಿಯೇ ಹೇಳುತ್ತಾರೆ. ಪಾಠಯೋಜನೆಯ ಉದ್ದಿಷ್ಟಗಳೆಲ್ಲ ಈಡೇರಿದವೆಂದು ನಾವೂ ಅವಲೋಕನ ಪತ್ರದಲ್ಲಿ ಬರೆಯುತ್ತೇವೆ. ಆದರೆ ಪಟ್ಟಿಯಲ್ಲಿ ಇಲ್ಲದ ‘ಯುದ್ಧ’ವನ್ನು ಕೊಟ್ಟು ‘ಇದು ಏನಾದೀತು?’ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಯಾತ್ರೆ ಜಾತ್ರೆಯಾಗಿದೆ, ಯೋಗಿ ಜೋಗಿಯಾಗಿದ್ದಾನೆ. ಆದರೂ ಯುದ್ಧ ‘ಜುದ್ಧ’ ಆಗಬಹುದೆಂದು ಊಹಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಪಾಠ ಮಾಡುತ್ತಿರುವ ಪ್ರಶಿಕ್ಷಣಾರ್ಥಿಗೂ ಕೆಲವೊಮ್ಮೆ ಬರುವುದಿಲ್ಲ.

ಪದಗಳ ಮೂಲವನ್ನು ಪಟ್ಟಿಯಾಗಿ ಕಲಿಸಬಾರದು, ನಿಯಮವಾಗಿ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಅದನ್ನು ಪ್ರಶಿಕ್ಷಣಾರ್ಥಿಗಳಿಗೆ ಮನಗಾಣಿಸಲು ಯಾರ ತಾಯ್ನುಡಿಯೂ ಅಲ್ಲದ, ಒಬ್ಬನೇ ಕೂತು ಕಟ್ಟಿದ ಒಂದು ಭಾಷೆ ನೆರವಾಗುತ್ತದೆ ಎಂದು ಈಚೆಗೆ ಕಂಡುಕೊಂಡಿದ್ದೇನೆ. ಅದನ್ನು ವಿವರಿಸುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

ನೌಕರಿಗೆ ಸೇರಿದ ಹೊಸತು. ಈ ಭಾಗದ್ದೇ ಒಂದು ಶಾಲೆ, ಎಂಟನೆಯ ತರಗತಿ, ಸಮಾನಾರ್ಥಕ ಪದಗಳ ಪಾಠ. ನೀರಿಗೆ ಬೇರೆ ಪದ ಹೇಳಿ ಎಂದೆ. ಜಲ ಬಂತು, ಉದಕ ಬಂತು. ಹಿಂದಿನ ಸಾಲಿನಲ್ಲಿ ತಾಂಡಾದಿಂದ ಬರುತ್ತಿದ್ದ ಹುಡುಗಿಯೊಬ್ಬಳು ಕೂತಿದ್ದಳು. ತಾನಾಗಿ ಎಂದೂ ಕೈ ಎತ್ತದವಳು ಅಂದು ಎತ್ತಿ ‘ಪಾಣಿ’ ಎಂದಳು. ನಾನು ಹಿಂದೆಮುಂದೆ ನೋಡದೆ, ‘ಪಾಣಿ ಅಂದ್ರೆ ಕೈ. ಚಕ್ರಪಾಣಿ ಅಂದ್ರೆ ಕೈಯಾಗ ಚಕ್ರ ಹಿಡಿದಾವ. ನೀರು ಹೆಂಗಾಗ್ತದ?’ ಎಂದೆ. ಪಕ್ಕದ ಹುಡುಗನೊಬ್ಬ ಅಂಗೈ ಚಾಚಿ ‘ತಗೋ, ಕುಡಿ’ ಎಂದ. ತರಗತಿ ನಕ್ಕಿತು. ನಾನೂ ನಕ್ಕೆ. ಆ ವರ್ಷವೆಲ್ಲ ಅವಳು ಮತ್ತೆ ಕೈ ಎತ್ತಲಿಲ್ಲ.

ಅವಳು ಹೇಳಿದ್ದು ತನ್ನ ಮನೆಯ ಲಂಬಾಣಿ ಮಾತು. ಸಂಸ್ಕೃತದ ‘ಪಾನೀಯ’ ಸವೆದು ಹಿಂದಿ, ಉರ್ದುಗಳಲ್ಲಿ ಪಾನಿ, ಮರಾಠಿ, ಗುಜರಾತಿಗಳಲ್ಲಿ ಪಾಣಿ ಆಗಿದೆ. ಲಂಬಾಣಿಯದೂ ಅದೇ ಬಳಗ. ನಾನು ಹೇಳಿದ ಪಾಣಿ ಬೇರೆ, ಅವಳ ಪಾಣಿ ಬೇರೆ. ಕಿವಿಗೆ ಎರಡೂ ಒಂದೇ, ಬೇರು ಮಾತ್ರ ಬೇರೆ ಬೇರೆ. ಪಾನೀಯ ಎಂಬ ಪದ ನನಗೆ ಗೊತ್ತಿತ್ತು. ಯಾತ್ರೆ ಜಾತ್ರೆಯಾದುದನ್ನು ಅದೇ ತರಗತಿಗೆ ನಾನೇ ಬರೆಸಿದ್ದೆ. ಆದರೂ ಒಂದು ಪದ ಸವೆದು ಇನ್ನೊಂದು ರೂಪ ತಾಳುವುದು ನನಗೆ ಪರೀಕ್ಷೆಯ ಪಟ್ಟಿಯಾಗಿ ಗೊತ್ತಿತ್ತೇ ಹೊರತು, ಎದುರಿಗಿರುವ ಮಗುವಿನ ಬಾಯಲ್ಲಿ ನಡೆಯುವ ಸಂಗತಿಯಾಗಿ ಗೊತ್ತಿರಲಿಲ್ಲ. ‘ಅದು ಕನ್ನಡದ ಪಟ್ಟಿಗೆ ಸೇರಲಿಕ್ಕಿಲ್ಲ, ಆದರೆ ಎಲ್ಲಿಂದ ಬಂತು ನೋಡೋಣ ಬಾ’ ಎನ್ನಬಹುದಿತ್ತು. ಅಷ್ಟು ಸಾಕಿತ್ತು.

ಈಗ ಆ ಕಟ್ಟಿದ ಭಾಷೆಗೆ ಬರುತ್ತೇನೆ. ಜೆ.ಆರ್.ಆರ್. ಟಾಲ್ಕಿನ್ (1892–1973) ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಪ್ರಾಧ್ಯಾಪಕ. ಅದಕ್ಕೂ ಮೊದಲು, 1919ರ ಸುಮಾರಿಗೆ, ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಕಚೇರಿಯಲ್ಲಿ ಪದಗಳ ಮೂಲ ಹುಡುಕುವ ಕೆಲಸ ಮಾಡಿದವನು. 1954–55ರಲ್ಲಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯಿಂದ ಲೋಕಕ್ಕೆ ಪರಿಚಿತನಾದ. ಆ ಕತೆಯಲ್ಲಿ ಎಲ್ಫ್ ಎಂಬ ಕಲ್ಪಿತ ಜನ ಬರುತ್ತಾರೆ. ಅವರ ಎಲ್ವಿಶ್ ಭಾಷೆಗಳನ್ನು ಕಟ್ಟುವುದನ್ನು ಆತ ಕಾದಂಬರಿಗಿಂತ ದಶಕಗಳ ಮೊದಲೇ ಶುರುಮಾಡಿದ್ದ. ಅವುಗಳಲ್ಲಿ ಮುಖ್ಯವಾದವು ಎರಡು: ಕ್ವೆನ್ಯ, ಸಿಂದರಿನ್. ಮೊದಲನೆಯದರ ನಾದಕ್ಕೆ ಫಿನ್ನಿಷ್ ಭಾಷೆ ಮಾದರಿ, ಎರಡನೆಯದಕ್ಕೆ ವೆಲ್ಷ್.

ನಮಗೆ ಬೇಕಾದ ಅಂಶ ಇಲ್ಲಿದೆ. ಆತ ಪದಗಳನ್ನು ಬಾಯಿಗೆ ಬಂದಂತೆ ಕಟ್ಟಲಿಲ್ಲ. ಮೊದಲು ಒಂದು ಮೂಲಭಾಷೆ, ಅದಕ್ಕೆ ಧಾತುಗಳು. ಆ ಜನ ಎರಡು ಗುಂಪಾಗಿ ದೂರ ಸರಿದ ಮೇಲೆ ಒಂದೊಂದು ಗುಂಪಿನ ಬಾಯಲ್ಲಿ ಧ್ವನಿಗಳು ಒಂದೊಂದು ನಿಯಮದಂತೆ ಬದಲಾದವು. ಈಗಿನ ಪದಗಳು ಆ ಬದಲಾವಣೆಯ ಫಲ.

ಕಾಲೇಜಿನಲ್ಲಿ ಕನ್ನಡ ಬೋಧನಾ ವಿಧಾನದ ಒಂದು ಅವಧಿಯಲ್ಲಿ ನಾನು ಹಲಗೆಯ ಮೇಲೆ ಎರಡು ಜೋಡಿ ಬರೆದೆ. ಎಡಕ್ಕೆ ಕ್ವೆನ್ಯ, ಬಲಕ್ಕೆ ಸಿಂದರಿನ್. ‘ಹೇಳು’ ಎಂಬರ್ಥದ ಕ್ವೆಟ್–ಪೆಡ್, ‘ಮುಷ್ಟಿ’ ಎಂಬರ್ಥದ ಕ್ವಾರ್–ಪೌರ್. ಆಮೇಲೆ ಎಡಕ್ಕೆ ಮಾತ್ರ ‘ಕ್ವೆಂಟ, ಅಂದರೆ ಕಥೆ’ ಎಂದು ಬರೆದು ಬಲಭಾಗ ಖಾಲಿ ಬಿಟ್ಟೆ. ಅರ್ಧ ನಿಮಿಷವೂ ಆಗಲಿಲ್ಲ, ‘ಪೆಂಟ’ ಎಂದು ನಾಲ್ಕು ಕಡೆಯಿಂದ ಕೂಗು ಬಂತು. ಟಾಲ್ಕಿನ್ನನ ಟಿಪ್ಪಣಿಗಳಲ್ಲಿರುವ ರೂಪ ‘ಪೆಂಟ್’. ಯಾರೂ ಎಂದೂ ಕೇಳದ ಭಾಷೆಯ ಪದವೊಂದನ್ನು ಎರಡೇ ಉದಾಹರಣೆಗಳಿಂದ ಅವರು ಊಹಿಸಿದ್ದರು. ಪಟ್ಟಿ ಬಾಯಿಪಾಠ ಇರಲಿಲ್ಲವಾದ್ದರಿಂದ ನಿಯಮ ಹುಡುಕುವುದು ಅನಿವಾರ್ಯವಾಗಿತ್ತು.

ಅದರ ಕೆಳಗೇ ಇನ್ನೆರಡು ಜೋಡಿ ಬರೆದೆ: ಪಾಲು–ಹಾಲು, ಪುಲಿ–ಹುಲಿ. ಮನೆಯಲ್ಲಿ ತೆಲುಗು ಮಾತಾಡುವ ಪ್ರಶಿಕ್ಷಣಾರ್ಥಿಗಳು ಎಡಗಡೆಯವು ತಮ್ಮ ಮನೆಯ ಪದಗಳೆಂದರು. ಹಳಗನ್ನಡ ಓದಿದವರು ಅವು ಹಳಗನ್ನಡದವೂ ಹೌದೆಂದರು. ಹಳಗನ್ನಡದಿಂದ ನಡುಗನ್ನಡಕ್ಕೆ ಬರುವಾಗ ನಮ್ಮವರ ಬಾಯಲ್ಲಿ ಪದದ ಮೊದಲ ಪಕಾರ ಹಕಾರವಾಯಿತು. ತೆಲುಗು, ತಮಿಳುಗಳಲ್ಲಿ ಹಾಗೆಯೇ ಉಳಿಯಿತು. ಆಮೇಲೆ ‘ಪೂವಿನ ಪಡಂಗಿಲೆ’ ಎಂದು ಬರೆದು, ‘ಇದು ಯಾವ ಊರು?’ ಎಂದೆ. ಒಂದು ಕ್ಷಣ ಮೌನ. ಆಮೇಲೆ ಹಡಗಲಿಯವರೇ ಒಬ್ಬರು ‘ನಮ್ಮೂರು!’ ಎಂದರು. ಹೂವಿನ ಹಡಗಲಿಯ ಹಳೆಯ ಹೆಸರು ಅದು. ಮಲ್ಲಿಗೆಗೆ ಹೆಸರಾದ ಊರಿನ ಹೆಸರಿನಲ್ಲಿ ಪೂ ಹೂವಾಗಿದೆ, ಪಡಂಗಿಲೆ ಹಡಗಲಿಯಾಗಿದೆ. ಒಂದೇ ಹೆಸರಿನಲ್ಲಿ ನಿಯಮ ಎರಡು ಸಲ ನಡೆದಿದೆ.

ಅದೇ ದಾರಿಯಲ್ಲಿ ಹಗರಿಬೊಮ್ಮನಹಳ್ಳಿಗೂ ಹೋಗಬಹುದು. ಹಗರಿ ಹೊಳೆಯ ಹೆಸರು. ಬೊಮ್ಮ ಬ್ರಹ್ಮನ ತದ್ಭವ. ಹಳ್ಳಿ ಹಿಂದೆ ಪಳ್ಳಿ. ತತ್ಸಮ–ತದ್ಭವಕ್ಕೆ ಒಂದು, ಪಕಾರ–ಹಕಾರಕ್ಕೆ ಒಂದು, ಹೀಗೆ ಎರಡು ನಿಯಮಗಳು ಬಸ್ಸಿನ ಬೋರ್ಡಿನ ಮೇಲೇ ಇವೆ. ಹರಪನಹಳ್ಳಿಯವರಿಗೂ ಅದೇ ಹಳ್ಳಿ. ಕೊಟ್ಟೂರಿನ ಮಕ್ಕಳಿಗೆ ಯಾತ್ರೆ–ಜಾತ್ರೆಗಿಂತ ಹತ್ತಿರದ ಉದಾಹರಣೆ ಬೇಕೆ? ತೇರಿನ ದಿನ ಊರಿಗೆ ಊರೇ ಆ ತದ್ಭವದೊಳಗೆ ನಿಂತಿರುತ್ತದೆ.

ಆದರೆ ಹುಮ್ಮಸ್ಸಿಗೆ ಒಂದು ಕಡಿವಾಣವೂ ಬೇಕು. ಅದನ್ನೂ ಟಾಲ್ಕಿನ್ನನೇ ಕಲಿಸುತ್ತಾನೆ. ಕ್ವೆನ್ಯದಲ್ಲಿ ನಕ್ಷತ್ರಕ್ಕೆ ಎಲೆನ್ ಎಂಬ ಪದ. ಎಲ್ಫ್‌ಗಳು ಮೊದಲ ಸಲ ನಕ್ಷತ್ರಗಳನ್ನು ಕಂಡಾಗ ‘ಎಲೆ!’ (ಇಗೋ ನೋಡು!) ಎಂದು ಉದ್ಗರಿಸಿದರು, ಅದರಿಂದ ಆ ಪದ ಬಂತು ಎಂದು ಅವರಲ್ಲಿ ಐತಿಹ್ಯವಿದೆ. ಇದನ್ನು ಹೇಳಿದ ಕೂಡಲೇ ಒಬ್ಬರು, ‘ನಮ್ಮ ಹಳಗನ್ನಡದಲ್ಲೂ ಎಲೆ ಎಂದು ಕರೆಯುತ್ತಾರಲ್ಲ, ಸಂಬಂಧ ಇರಬಹುದೆ ಸರ್?’ ಎಂದರು. ಸಂಬಂಧವಿಲ್ಲ, ಬರೀ ಹೋಲಿಕೆ. ಎರಡು ಪದಗಳು ಒಂದೇ ತರಹ ಕೇಳಿಸುವುದು ಸಾಕ್ಷಿಯಲ್ಲ. ಒಂದೇ ನಿಯಮ ಹಲವು ಪದಗಳಲ್ಲಿ ಕಾಣುವುದು ಸಾಕ್ಷಿ. ಹಗರಿ ಎಂದರೆ ‘ಅಘಹರಿ’, ಪಾಪ ಕಳೆಯುವವಳು ಎನ್ನುವವರಿದ್ದಾರೆ. ಕೊಟ್ಟೂರು ಎಂದರೆ ‘ಕೊಟ್ಟ ಊರು’ ಎಂದು ಮಕ್ಕಳು ಹೇಳುತ್ತಾರೆ. ಇವನ್ನು ತರಗತಿಯಲ್ಲಿ ಹೀಗಳೆಯಬಾರದು. ಊರಿನವರ ಭಕ್ತಿ, ಹೆಮ್ಮೆ ಅವುಗಳಲ್ಲಿದೆ. ಕತೆಯೆಂದು ಬರೆದುಕೊಂಡು, ‘ಇದೇ ಬದಲಾವಣೆ ಬೇರೆ ಪದಗಳಲ್ಲೂ ಇದೆಯೆ?’ ಎಂದು ಕೇಳಿದರೆ ಸಾಕು. ಅಂದು ನಾನು ಮಾಡಿದ ತಪ್ಪೂ ಇದೇ. ಸಂಸ್ಕೃತದ ಪಾಣಿ, ಲಂಬಾಣಿಯ ಪಾಣಿ ಒಂದೇ ತರಹ ಕೇಳಿಸಿದವು, ಒಂದೇ ಎಂದುಕೊಂಡೆ.

ನಿಯಮದ ದಾರಿ ನಮಗೆ ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಪದಗಳು ಕನ್ನಡವಾಗುವ ಬಗೆಗೆ ನಿಯಮ ಹೇಳಿ, ಆಮೇಲೆ ಉದಾಹರಣೆ ಕೊಡುತ್ತಾನೆ. ಅದೇ ಶತಮಾನದ ಆಂಡಯ್ಯ ತತ್ಸಮಗಳನ್ನು ಬಿಟ್ಟು, ಅಚ್ಚಗನ್ನಡ ಮತ್ತು ತದ್ಭವಗಳಲ್ಲೇ ‘ಕಬ್ಬಿಗರ ಕಾವ’ವನ್ನು ಬರೆದ. ಯಾವುದು ಏನಾಗುತ್ತದೆ ಎಂಬುದು ಅವನಿಗೆ ಕೈಬಳಕೆಯಾಗಿತ್ತು. ನಾವು ನಿಯಮ ಬಿಟ್ಟು ಉದಾಹರಣೆಗಳನ್ನಷ್ಟೇ ಉಳಿಸಿಕೊಂಡಿದ್ದೇವೆ.

ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು: ‘ಮಕ್ಕಳಿಗೆ ಶುದ್ಧವಾಗಿ ಕನ್ನಡ ಬರೆಯಲು ಬರುತ್ತಿಲ್ಲ, ಇಲ್ಲದ ಜನರ ಭಾಷೆ ಯಾಕೆ?’ ನ್ಯಾಯವಾದ ಪ್ರಶ್ನೆ. ಪ್ರೌಢಶಾಲೆಯ ಮಕ್ಕಳಿಗೆ ಎಲ್ವಿಶ್ ಕಲಿಸಬೇಕೆಂದು ನಾನು ಹೇಳುತ್ತಿಲ್ಲ. ಅದು ಪ್ರಶಿಕ್ಷಣಾರ್ಥಿಗಳಿಗೆ, ಅದೂ ಒಂದೇ ಅವಧಿಗೆ. ಅಲ್ಲಿ ಯಾರೂ ಮೊದಲೇ ಬಲ್ಲವರಲ್ಲ, ಯಾರ ಮನೆಮಾತೂ ನಗೆಗೀಡಾಗುವುದಿಲ್ಲ, ಊಹೆ ತಪ್ಪಿದರೆ ಮುಜುಗರವಿಲ್ಲ. ಮಕ್ಕಳಿಗೆ ಅವರದೇ ಆಟ ಸಾಕು. ಅಕ್ಷರಕ್ಕೊಂದು ಕಕಾರ ಸೇರಿಸಿ ನೀರನ್ನು ‘ಕನೀಕರು’ ಮಾಡುವ ಗುಟ್ಟುಭಾಷೆ ಅವರಿಗೆ ಗೊತ್ತು. 2015ರ ತೆಲುಗು ಚಿತ್ರ ‘ಬಾಹುಬಲಿ’ಗಾಗಿ ಮದನ್ ಕಾರ್ಕಿ ಕಟ್ಟಿದ ಕಿಲಿಕಿ ಭಾಷೆಯನ್ನು ಅಣಕಿಸುವ ಹುಡುಗರು ಪ್ರತಿ ಶಾಲೆಯಲ್ಲೂ ಇದ್ದಾರೆ. ತರಗತಿಯನ್ನು ಎರಡು ‘ಊರು’ ಮಾಡಿ, ಒಂದೇ ಹತ್ತು ಪದಗಳನ್ನು ಎರಡಕ್ಕೂ ಕೊಡಿ. ಒಂದು ಊರಿನವರು ಮೊದಲ ಸಕಾರವನ್ನು ಹಕಾರ ಮಾಡಲಿ, ಇನ್ನೊಂದು ಊರಿನವರು ಕೊನೆಯ ಸ್ವರ ಬಿಡಲಿ. ಪದಗಳನ್ನು ಅದಲುಬದಲು ಮಾಡಿಕೊಂಡು ಪರಸ್ಪರರ ನಿಯಮ ಕಂಡುಹಿಡಿಯಲಿ. ಹತ್ತು ನಿಮಿಷದ ಆಟ. ಅದಾದ ಮೇಲೆ ಯಾತ್ರೆ–ಜಾತ್ರೆ ಬರೆದರೆ ಮಕ್ಕಳೇ ನಿಯಮ ಹೇಳುತ್ತಾರೆ.

ಪರೀಕ್ಷೆಯಲ್ಲಿ ಕೇಳುವುದು ಪಟ್ಟಿಯನ್ನೇ ಎಂಬುದೂ ನಿಜ. ನಿಯಮ ಬಲ್ಲ ಮಗು ಪಟ್ಟಿಯನ್ನೂ ಬರೆಯಬಲ್ಲದು. ಪಟ್ಟಿ ಬಲ್ಲ ಮಗುವಿಗೆ ಪಟ್ಟಿಯಾಚೆ ಕಾಲಿಡಲು ಆಗದು. ನಿಯಮಕ್ಕೆ ಬಗ್ಗದ ಪದಗಳೂ ಇವೆ. ಅವನ್ನು ಆಮೇಲೆ, ಅಪವಾದಗಳೆಂದೇ ತಿಳಿಸಬಹುದು.

ಈ ವರ್ಷ ಹಡಗಲಿ ಕಡೆಯ ಶಾಲೆಯೊಂದರಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಈ ಪಾಠವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ‘ನಿಮ್ಮ ಮನೆಯಲ್ಲಿ ನೀರಿಗೆ ಏನಂತೀರಿ?’ ಎಂದು ಕೇಳಿದರು. ಹಲಗೆಯ ಮೇಲೆ ನಾಲ್ಕು ಪದಗಳಾದವು: ನೀರು, ನೀಳ್ಳು, ಪಾನಿ, ಪಾಣಿ. ಇವನ್ನು ಬಳಗ ಮಾಡಿ ಎಂದರು. ಮಕ್ಕಳು ಕನ್ನಡ–ತೆಲುಗನ್ನು ಒಂದು ಕಡೆ, ಉರ್ದು–ಲಂಬಾಣಿಯನ್ನು ಇನ್ನೊಂದು ಕಡೆ ಇಟ್ಟರು. ‘ಪಾನಕ’ ಎಲ್ಲಿಗೆ ಸೇರುತ್ತದೆ ಎಂದು ಒಬ್ಬ ಹುಡುಗ ತಾನಾಗಿಯೇ ಕೇಳಿದ. ಪಾನ, ಪಾನಕ, ಪಾನೀಯ ಎಲ್ಲ ಒಂದು ಸಾಲಿಗೆ ಬಂದವು. ಪಾಣಿ ಎಂದ ಮಗುವನ್ನು ನೋಡಿ ಯಾರೂ ನಗಲಿಲ್ಲ.

ಅವಲೋಕನ ಪತ್ರದಲ್ಲಿ ‘ಕಪ್ಪುಹಲಗೆಯ ಬಳಕೆ’ಗೆ ಒಂದು ಕಾಲಮ್ ಇದೆ, ‘ಧ್ವನಿಯ ಏರಿಳಿತ’ಕ್ಕೆ ಒಂದು ಇದೆ. ಮಗುವಿನ ಮನೆಮಾತಿನ ಪದ ಹಲಗೆಗೆ ಬಂತೆ ಎಂಬುದಕ್ಕೆ ಇಲ್ಲ. ಆ ಕಾಲಮ್ ಸೇರಿಸೋಣ ಎಂಬುದು ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ. ಸೇರುವವರೆಗೆ ನನ್ನ ಪ್ರತಿಯ ಅಂಚಿನಲ್ಲಿ ಅದನ್ನು ಪೆನ್ಸಿಲ್ಲಿನಿಂದ ಬರೆದುಕೊಂಡು ಬರುತ್ತೇನೆ.